ಬೋವಜನು ಕಂಡದ್ದು

ಈ ವಾರ ಮೈಸೂರಿನಿಂದ ಒಬ್ಬ ತಂಗಿ ಫೋನ್ ಮಾಡಿದ್ದಳು. "ಪಾಸ್ಟರ್, ಹುಡುಗ ಕೆನಡಾ ಸಿಟಿಜನ್. ಮದುವೆಯಾಗಿ ನಿಮ್ಮ ಟೊರೊಂಟೊಗೇ ಬರ್ಬೇಕು. ದೇವರ ಚಿತ್ತ ಹೇಗೆ ತಿಳ್ಕೊಳ್ಳಲಿ?" ಅದಕ್ಕೆ ಮೊದಲು ನನ್ನದೊಂದು ಪಾಪ ಹೇಳ್ತೀನಿ.

ನಾನು ಇಲ್ಲಿಯ ಪ್ರಜೆ, ಹೆಂಡತಿ ಭಾರತದವಳು. ನಾನೇ ಸ್ಪಾನ್ಸರ್ ಮಾಡಿ ಕರ್ಕೊಂಡು ಬಂದೆ. ಐದು ವರ್ಷದಲ್ಲಿ 1,095 ದಿನ ಇಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ದಿನ ತುಂಬಿತು, ಅವಳು ಹಾಕಲಿಲ್ಲ. ಯಾಕಂದ್ರೆ ಭಾರತ ಎರಡು ಪೌರತ್ವ ಒಪ್ಪಲ್ಲ. ಇದನ್ನು ತಗೊಂಡರೆ ಅದು ಹೋಯ್ತು. ಓಸಿಐ ಕಾರ್ಡ್ ಸಿಗುತ್ತೆ, ಓಟು ಸಿಗಲ್ಲ. ಒಂದು ರಾತ್ರಿ ಸಿಟ್ಟಲ್ಲಿ ಅಂದುಬಿಟ್ಟೆ, "ನೀನು ಇಲ್ಲಿರೋದೇ ನನ್ನಿಂದ." ಅವಳು ಉತ್ತರ ಕೊಡಲಿಲ್ಲ. ತಟ್ಟೆ ತೊಳೆದಿಟ್ಟು ಮಲಗಿದಳು. ಜಗಳ ಆಡಿದ್ರೆ ವಾಸಿಯಿತ್ತು.

ರೂತಳ ಪುಸ್ತಕ ಎರಡನೇ ಅಧ್ಯಾಯ ತೆಗೀರಿ. ಬೆತ್ಲೆಹೇಮಿನವರ ಬಾಯಲ್ಲಿ ಅವಳು ಮೋವಾಬಿನವಳು, ಅಷ್ಟೇ. ಹೊಲ ಬೋವಜನದು, ಊರೂ ಅವನದು. ಆದರೂ ತಾನು ಕೊಟ್ಟಿದ್ದನ್ನ ಅವನು ಎಣಿಸಲಿಲ್ಲ. ಹನ್ನೊಂದನೇ ವಚನ ನೋಡಿ: ಅವಳು ಬಿಟ್ಟುಬಂದ ತಂದೆತಾಯಿ, ಹುಟ್ಟಿದ ದೇಶ, ಅದನ್ನೇ ಎತ್ತಿ ಮಾತಾಡ್ತಾನೆ. ಹಲ್ಲೆಲೂಯ!

ತಂಗೀ, ವೀಸಾಕ್ಕೆ ಎಷ್ಟು ತಿಂಗಳು ಅಂತ ಆಮೇಲೆ ಕೇಳು. "ನಾನು ಏನೇನು ಬಿಟ್ಟು ಬರ್ತಿದ್ದೀನಿ, ಗೊತ್ತಾ?" ಅಂತ ಮೊದಲು ಕೇಳು. ಅವನು ಏನು ಹೇಳ್ತಾನೋ ಅದನ್ನಿಟ್ಟು ಪ್ರಾರ್ಥಿಸು.

ನಾನು ಹೆಂಡತಿಯನ್ನ ಅದನ್ನು ಕೇಳಿದ್ದು ಮದುವೆಯಾದ ಐದನೇ ವರ್ಷಕ್ಕೆ. ಬೆಳಗಾಗುವವರೆಗೂ ಹೇಳಿದಳು. ಅರ್ಜಿ ಇನ್ನೂ ಡ್ರಾಯರಿನಲ್ಲೇ ಇದೆ. ನಾನು ಕೇಳಲ್ಲ.