ಲಕ್ಕಮ್ಮನ ಅಳತೆಯಲ್ಲಿ ಒಂದು ರೆಸ್ಯೂಮೆ

ಬಸವಣ್ಣನವರ ಒಂದು ಪುಟ್ಟ ವಚನ ಏಳು ಕೆಲಸಗಳನ್ನು ಬೇಡವೆನ್ನುತ್ತದೆ. ಕಳವು, ಕೊಲೆ, ಸುಳ್ಳು, ಸಿಟ್ಟು, ಪರರ ಬಗೆಗಿನ ಅಸಹ್ಯ ಇಷ್ಟನ್ನೂ ಹೇಳಿದ ಮೇಲೆ ಆರನೆಯದಾಗಿ ಬರುವುದು ತನ್ನನ್ನು ತಾನೇ ಹೊಗಳಿಕೊಳ್ಳುವುದು. ಏಳನೆಯದು ಎದುರಿಗಿದ್ದವರನ್ನು ಹಳಿಯುವುದು. ಮಹಾರಾಷ್ಟ್ರದ ಜತ್ತ ತಾಲೂಕಿನ ಪೂರ್ವಕ್ಕೆ, ಸಂಖ, ಉಮದಿ, ಗುಡ್ಡಾಪುರದ ಸುತ್ತಿನ ಊರುಗಳಲ್ಲಿ ಕನ್ನಡ ಸಾಲಿಗೆ ಹೋದ ಮಕ್ಕಳಿಗೆ ಈ ವಚನ ಹೊಸದಲ್ಲ. ಹತ್ತು ಹನ್ನೆರಡು ವರ್ಷ ಕಳೆದು ಅದೇ ಮಕ್ಕಳು ಜತ್ತದ ರಾಜೆ ರಾಮರಾವ ಮಹಾವಿದ್ಯಾಲಯದಲ್ಲೋ, ಸಾಂಗಲಿ, ಸೊಲ್ಲಾಪುರ, ವಿಜಯಪುರದ ಕಾಲೇಜುಗಳಲ್ಲೋ ಡಿಗ್ರಿಯ ಕೊನೆಯ ವರ್ಷಕ್ಕೆ ಬರುತ್ತಾರೆ. ಕೆಲಸಕ್ಕೆ ಅರ್ಜಿ ಹಾಕಬೇಕು. ಅರ್ಜಿಯ ಜೊತೆ ರೆಸ್ಯೂಮೆ ಇಡಬೇಕು. ಆ ಹಾಳೆಯ ತುಂಬ ತಮ್ಮ ವಿಷಯವನ್ನು ತಾವೇ ಬರೆಯಬೇಕು.

ಇದು ನಿಜವಾದ ಧರ್ಮಸಂಕಟ. ವಚನದಲ್ಲಿ ಸುಳ್ಳಿಗೊಂದು ಸ್ಥಾನ, ಆತ್ಮಸ್ತುತಿಗೆ ಇನ್ನೊಂದು ಸ್ಥಾನ ಬೇರೆ ಬೇರೆಯಾಗಿವೆ. ಹಾಗಿದ್ದರೆ ‘ನಾನು ಬರೆದದ್ದೆಲ್ಲ ನಿಜ’ ಎಂದಮಾತ್ರಕ್ಕೆ ತಪ್ಪಿಸಿಕೊಳ್ಳುವಂತಿಲ್ಲ. ನಿಜವನ್ನೇ ಹೇಳಿಯೂ ಆರನೆಯ ತಪ್ಪು ಮಾಡಬಹುದು. ತನ್ನ ವಿಷಯ ಹೇಳಲೇಬೇಕು, ಹೊಗಳಿಕೊಳ್ಳಬಾರದು: ಇವೆರಡೂ ಒಂದೇ ಹಾಳೆಯಲ್ಲಿ ಸಾಧ್ಯವೇ?

ಜತ್ತದ ಹೆಸರು ಹೊರಗಿನವರ ಕಿವಿಗೆ ಬೀಳುವುದು ಬಹುಮಟ್ಟಿಗೆ ಗಡಿ ಮತ್ತು ನೀರಿನ ಕಾರಣಕ್ಕೆ. ಡಫಳೆ ಮನೆತನದ ಸಣ್ಣ ಸಂಸ್ಥಾನವಾಗಿದ್ದ ಇದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಕರ್ನಾಟಕಕ್ಕೆ ಸೇರುತ್ತೇವೆಂಬ ಇಲ್ಲಿಯ ಗ್ರಾಮ ಪಂಚಾಯಿತಿಗಳ ಹಳೆಯ ಠರಾವಿನ ಮಾತೆತ್ತಿದಾಗ ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಜತ್ತ ಮುಖಪುಟಕ್ಕೆ ಬಂತು. ಮಳೆ ಕಡಿಮೆ, ಬರ ಹಳೆಯ ನೆಂಟ. ದ್ರಾಕ್ಷಿ, ದಾಳಿಂಬೆ, ಮಾಡಗ್ಯಾಳ ತಳಿಯ ಕುರಿಗಳು ಇಲ್ಲಿಯ ಬದುಕು. ಇಂಥ ಮನೆಗಳಿಂದ ಬಂದು, ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಮರಾಠಿ, ಅರ್ಜಿಯಲ್ಲಿ ಇಂಗ್ಲಿಷ್ ಬಳಸಬೇಕಾದ ಹುಡುಗನಿಗೆ ‘ಏನೇನು ಕೆಲಸ ಮಾಡಿದ್ದೀ?’ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಏನೂ ಇಲ್ರಿ ಸರ. ಮನ್ಯಾಗಿನ ಹೊಲಾ ನೋಡೇನ್ರಿ, ಅಷ್ಟ.’

ಆ ‘ಅಷ್ಟ’ದ ಹಿಂದೆ ಸಂಸ್ಕಾರವಿದೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಕೇಳಿ ಬೆಳೆದವರು ತಮ್ಮ ವಿಷಯ ಬಂದಾಗ ಬಾಯಿ ಕಟ್ಟಿಕೊಳ್ಳುತ್ತಾರೆ. ಆಮೇಲೆ ಹಾಳೆ ಖಾಲಿ ಉಳಿಯಬಾರದೆಂದು ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿರುವ ಸಿದ್ಧ ನಮೂನೆಗೆ ಹೆಸರು ಸೇರಿಸಿ ಪ್ರಿಂಟು ತೆಗೆಯುತ್ತಾರೆ. ಆ ನಮೂನೆಯಲ್ಲಿ ಅಭ್ಯರ್ಥಿ ಕಷ್ಟಪಟ್ಟು ದುಡಿಯುವವನು, ಪ್ರಾಮಾಣಿಕ, ಬೇಗ ಕಲಿಯುವವನು, ನಾಯಕತ್ವದ ಗುಣವುಳ್ಳವನು. ತಾನು ಮಾಡಿದ್ದನ್ನು ಹೇಳಲು ನಾಚಿದ ಹುಡುಗ ಪರರು ಬರೆದ ಹೊಗಳಿಕೆಗೆ ಸಹಿ ಹಾಕಿ ಕೊಟ್ಟಿರುತ್ತಾನೆ. ವಿನಯ ಕಾಪಾಡಲು ಹೋಗಿ ಮಾಡಬಾರದ ಒಂದೇ ಕೆಲಸವನ್ನು ಮಾಡಿರುತ್ತಾನೆ.

ಆತ್ಮಸ್ತುತಿಯನ್ನು ನಮ್ಮ ಹಿರಿಯರು ಎಷ್ಟು ಗಂಭೀರವಾಗಿ ಕಂಡಿದ್ದರೆಂಬುದಕ್ಕೆ ಮಹಾಭಾರತದ ಕರ್ಣಪರ್ವದಲ್ಲಿ ಒಂದು ಪ್ರಸಂಗವಿದೆ. ಕರ್ಣನ ಬಾಣಗಳಿಂದ ನೊಂದು ಬಿಡಾರಕ್ಕೆ ಮರಳಿದ ಧರ್ಮರಾಯ, ತನ್ನನ್ನು ನೋಡಲು ಬಂದ ಅರ್ಜುನನನ್ನು ಹೀಯಾಳಿಸಿ, ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡು ಎನ್ನುತ್ತಾನೆ. ಹಾಗೆಂದವರನ್ನು ಕೊಲ್ಲುವುದಾಗಿ ಅರ್ಜುನನ ಪ್ರತಿಜ್ಞೆಯಿತ್ತು. ಅವನು ಕತ್ತಿ ಹಿರಿಯುತ್ತಾನೆ. ಕೃಷ್ಣ ತಡೆದು, ಹಿರಿಯರನ್ನು ಏಕವಚನದಲ್ಲಿ ಅವಮಾನಿಸಿದರೆ ಅದು ಕೊಂದಂತೆಯೇ, ಅಷ್ಟು ಮಾಡು ಎಂದು ದಾರಿ ತೋರಿಸುತ್ತಾನೆ. ಅಣ್ಣನನ್ನು ಬೈದ ಪಶ್ಚಾತ್ತಾಪದಲ್ಲಿ ಅರ್ಜುನ ಮತ್ತೆ ಕತ್ತಿ ಹಿರಿಯುತ್ತಾನೆ, ಈ ಸಲ ತನ್ನನ್ನೇ ಕೊಂದುಕೊಳ್ಳಲು. ಅದಕ್ಕೂ ಕೃಷ್ಣನ ಬಳಿ ಉಪಾಯವಿದೆ: ನಿನ್ನ ಗುಣಗಳನ್ನು ನೀನೇ ಹೊಗಳಿಕೋ, ಅದು ಆತ್ಮಹತ್ಯೆಗೆ ಸಮ. ಅರ್ಜುನ ಹಾಗೆಯೇ ಮಾಡುತ್ತಾನೆ. ಅವನು ಹೇಳಿಕೊಂಡ ಪರಾಕ್ರಮದಲ್ಲಿ ಸುಳ್ಳು ಇರಲಿಲ್ಲ. ಆದರೂ ಅದು ಸಾವಿಗೆ ಸಮವಾಯಿತು.

ಹೊಗಳಿಕೊಳ್ಳುವುದಕ್ಕೆ ಹೆದರದವರೂ ಈ ನೆಲದಲ್ಲಿದ್ದರು. ಐಹೊಳೆಯ ಮೇಗುಟಿ ಗುಡಿಯ ಗೋಡೆಯಲ್ಲಿ 634ರ ಶಾಸನವಿದೆ. ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಬಣ್ಣಿಸಿದ ರವಿಕೀರ್ತಿ ಕೊನೆಯಲ್ಲಿ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ಸರಿಗಟ್ಟಿಸಿಕೊಂಡಿದ್ದಾನೆ. ಇತಿಹಾಸಕಾರರಿಗೆ ಅದರಿಂದ ಉಪಕಾರವಾಯಿತು; ಆ ಇಬ್ಬರೂ ಕವಿಗಳು ಆ ಹೊತ್ತಿಗಾಗಲೇ ಪ್ರಸಿದ್ಧರಾಗಿದ್ದರೆಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿತು. ರವಿಕೀರ್ತಿಯ ಮಾತನ್ನು ಮಾತ್ರ ಯಾರೂ ಅವನ ಕಾವ್ಯಶಕ್ತಿಗೆ ಪ್ರಮಾಣವೆಂದು ಬಳಸುವುದಿಲ್ಲ. ಶಾಸನವನ್ನು ಓದಿ, ಪದ್ಯಗಳನ್ನು ತೂಗಿ ನೋಡಿಯೇ ವಿದ್ವಾಂಸರು ಅವನನ್ನು ಮೆಚ್ಚಿದ್ದಾರೆ.

ಜಗತ್ತಿನ ಮೊದಲ ರೆಸ್ಯೂಮೆ ಎಂದು ಹಲವರು ಕರೆಯುವ ಪತ್ರವೊಂದಿದೆ. ಸುಮಾರು 1482ರಲ್ಲಿ ಲಿಯೊನಾರ್ದೊ ದ ವಿಂಚಿ ಮಿಲಾನಿನ ಲುಡೊವಿಕೊ ಸ್ಫೋರ್ಜಾನಿಗಾಗಿ ಸಿದ್ಧಪಡಿಸಿದ್ದು. ಹಗುರವಾದ, ಹೊತ್ತೊಯ್ಯಬಹುದಾದ ಸೇತುವೆ ಕಟ್ಟಬಲ್ಲೆ, ಕೋಟೆ ಮುತ್ತಿದಾಗ ಕಂದಕದ ನೀರು ತೆಗೆಯಬಲ್ಲೆ, ತೋಪು ಎರಕಹೊಯ್ಯಬಲ್ಲೆ ಎಂದು ಅವನು ಒಂದೊಂದಾಗಿ ಬರೆದ. ಶಿಲ್ಪ, ಚಿತ್ರಕಲೆಯ ಮಾತು ಬರುವುದು ಕೊನೆಗೆ. ಯುದ್ಧದ ಚಿಂತೆಯಲ್ಲಿದ್ದ ದೊರೆಗೆ ಏನು ಬೇಕೋ ಅದು ಮೊದಲು. ಇಷ್ಟಕ್ಕೇ ಅವನು ನಿಲ್ಲಲಿಲ್ಲ: ಇದರಲ್ಲಿ ಯಾವುದಾದರೂ ಅಸಾಧ್ಯವೆನಿಸಿದರೆ ನಿಮ್ಮ ತೋಟದಲ್ಲೇ ಮಾಡಿ ತೋರಿಸುತ್ತೇನೆ ಎಂಬರ್ಥದ ಮಾತನ್ನೂ ಸೇರಿಸಿದ. ‘ಬಲ್ಲೆ’ ಎಂದವನು ಪರೀಕ್ಷೆಗೆ ಒಡ್ಡಿಕೊಂಡ ಕ್ಷಣದಲ್ಲಿ ಹೊಗಳಿಕೆಯ ಬಿಸಿ ಇಳಿದು ಕೆಲಸದ ಮಾತು ಉಳಿಯುತ್ತದೆ.

ಶರಣರ ಲೋಕದಲ್ಲಿ ಈ ಪ್ರಶ್ನೆಗೆ ಇನ್ನೂ ಆಳವಾದ ಉತ್ತರ ಸಿಗುತ್ತದೆ. ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಮೋಳಿಗೆ ಮಾರಯ್ಯ, ಜೇಡರ ದಾಸಿಮಯ್ಯ, ಆಯ್ದಕ್ಕಿ ಲಕ್ಕಮ್ಮ: ಹೆಸರಿನ ಮುಂದೆ ಇರುವುದು ಬಟ್ಟೆ ಒಗೆದದ್ದು, ಹಗ್ಗ ಹೊಸೆದದ್ದು, ಸೌದೆ ಮಾರಿದ್ದು, ನೇಯ್ದದ್ದು, ಬಿದ್ದ ಅಕ್ಕಿ ಆಯ್ದದ್ದು. ಮಹಾ, ಘನ ಎಂಬ ಬಿರುದುಗಳಿಲ್ಲ. ವಚನಕಾರರು ಅಂಕಿತವಾಗಿ ಇಷ್ಟದೈವದ ಹೆಸರನ್ನಿಡುವುದೇ ರೂಢಿಯಾಗಿದ್ದಾಗ ಅಂಬಿಗರ ಚೌಡಯ್ಯ ತನ್ನ ಕಸುಬು ಮತ್ತು ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಅದನ್ನು ಯಾರೂ ಅಹಂಕಾರವೆಂದು ಓದಿಲ್ಲ. ದೋಣಿ ನಡೆಸುವವನು ತಾನು ದೋಣಿ ನಡೆಸುವವನೆಂದು ಹೇಳಿದ, ಅಷ್ಟೇ.

ಹೇಳಿಕೊಳ್ಳುವುದಕ್ಕೂ ಹೊಗಳಿಕೊಳ್ಳುವುದಕ್ಕೂ ನಡುವಿನ ಗೆರೆ ಇಲ್ಲಿದೆ. ಮಾಡಿದ ಕೆಲಸ ಹೇಳಬಹುದು. ಅದರಿಂದ ತನಗೆ ಯಾವ ಗುಣ ಸಲ್ಲುತ್ತದೆಂಬ ತೀರ್ಪನ್ನು ಓದುವವರಿಗೆ ಬಿಡಬೇಕು. ಜತ್ತದ ಮಣ್ಣಲ್ಲೇ ಇದಕ್ಕೊಂದು ನೆನಪಿದೆ. ಗುಡ್ಡಾಪುರದ ದಾನಮ್ಮ ದೇವಿ ಉಮರಾಣಿಯಲ್ಲಿ ಹುಟ್ಟಿದಾಗ ಲಿಂಗಮ್ಮ ಎಂಬ ಹೆಸರಿನವಳು, ಕಲ್ಯಾಣದಲ್ಲಿ ಅವಳ ದಾಸೋಹ ಕಂಡು ಬಸವಣ್ಣನವರೇ ದಾನಮ್ಮನೆಂದು ಕರೆದರು ಎಂಬುದು ಭಕ್ತರು ಹೇಳಿಕೊಂಡು ಬಂದ ಕತೆ. ನೀಡಿದ್ದು ಅವಳು; ಹೆಸರಿಟ್ಟದ್ದು ನೋಡಿದವರು. ವಿಜಯಪುರ, ಬಾಗಲಕೋಟೆಯ ಕಡೆಯಿಂದ ಗುಡ್ಡಾಪುರಕ್ಕೆ ನಡೆದು ಬರುವ ಮಂದಿ ಇಂದಿಗೂ ಹೆಣ್ಣುಮಕ್ಕಳಿಗೆ ಆ ಹೆಸರನ್ನೇ ಇಡುತ್ತಾರೆ.

ಹಾಗಾದರೆ ಹಾಳೆಯಲ್ಲಿ ಏನು ಬರೆಯಬೇಕು? ‘ಕಷ್ಟಸಹಿಷ್ಣು’ ಎಂಬ ಪದ ಅಳಿಸಿಹಾಕಿ, ಅದನ್ನು ಬರೆಯಲು ಧೈರ್ಯ ಕೊಟ್ಟ ಸಂಗತಿಯನ್ನೇ ಬರೆಯಬೇಕು. ಊರಿನ ಹಾಲಿನ ಡೈರಿಯಲ್ಲಿ ಕೂತ ಹುಡುಗನಾದರೆ: ‘ಬಿ.ಕಾಂ. ಓದುತ್ತ ಎರಡು ವರ್ಷ ಬೆಳಗಿನ ಹಾಲಿನ ಅಳತೆ, ಫ್ಯಾಟ್ ಮತ್ತು ಹಣದ ಲೆಕ್ಕ ಬರೆದೆ. ವಾರಕ್ಕೊಮ್ಮೆ ನಲವತ್ತು ಮನೆಗಳ ಬಿಲ್ಲು ಮಾಡಿದೆ.’ ಒಣದ್ರಾಕ್ಷಿ ಶೆಡ್ಡಿನಲ್ಲಿ ದುಡಿದ ಹುಡುಗಿಯಾದರೆ: ‘ಎರಡು ಹಂಗಾಮು ಕೂಲಿಗಳ ಹಾಜರಿ ಮತ್ತು ಪೆಟ್ಟಿಗೆಗಳ ಲೆಕ್ಕ ಇಟ್ಟೆ, ವಹಿಯಲ್ಲಿದ್ದದ್ದನ್ನು ಎಕ್ಸೆಲ್‌ಗೆ ತಂದೆ.’ ಎನ್‌ಎಸ್‌ಎಸ್ ಶಿಬಿರದ ಹೆಸರಷ್ಟೇ ಸಾಲದು. ಅಲ್ಲಿ ಅಡುಗೆ ಸಾಮಾನು ತಂದವರು ಯಾರು, ಗುಂಡಿ ತೋಡಿದವರು ಯಾರು, ಎಷ್ಟು ಗಿಡ ನೆಟ್ಟರು ಎಂಬುದರಲ್ಲಿ ತನ್ನ ಪಾಲು ಬರೆಯಬೇಕು. ಕ್ರಿಯಾಪದ ಮುಂದೆ, ಅಂಕಿ ಜೊತೆಗೆ. ಇತ್ತೀಚಿನದು ಮೇಲೆ, ಹಳೆಯದು ಕೆಳಗೆ. ಕಾಲೇಜು ವಿದ್ಯಾರ್ಥಿಗೆ ಒಂದು ಪುಟ ಧಾರಾಳ. ಅರ್ಜಿ ಹಾಕುವ ಕೆಲಸಕ್ಕೆ ಬೇಕಾದದ್ದು ಮೊದಲು ಕಾಣಬೇಕು. ಬ್ಯಾಂಕಿಗೂ ಔಷಧ ಕಂಪನಿಗೂ ಒಂದೇ ಹಾಳೆ ಕಳಿಸಬಾರದು.

ಅಂಕಿ ಬರೆಯುವಾಗ ಆಯ್ದಕ್ಕಿ ಲಕ್ಕಮ್ಮ ನೆನಪಾಗಬೇಕು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಅವಳ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಹಿಗ್ಗಲಿಲ್ಲ. ನಮ್ಮ ಪಾಲಿಗೆ ಮೀರಿದ್ದು ಇದು, ಹೋಗಿ ಅಲ್ಲೇ ಸುರಿದು ಬಾ ಎಂದಳು. ಐದು ಜನ ಕೂಡಿ ಮಾಡಿದ ಪ್ರಾಜೆಕ್ಟನ್ನು ಒಬ್ಬನೇ ಮಾಡಿದೆ ಎಂದು ಬರೆದ ವಿದ್ಯಾರ್ಥಿ, ಮೂರು ದಿನದ ತರಬೇತಿಯನ್ನು ಮೂರು ತಿಂಗಳೆಂದು ತೋರಿಸಿದ ವಿದ್ಯಾರ್ಥಿ ಲಕ್ಕಮ್ಮ ಹಿಂದಿರುಗಿಸಲು ಹೇಳಿದ ಅಕ್ಕಿಯನ್ನೇ ಮಡಿಲಲ್ಲಿ ಕಟ್ಟಿಕೊಂಡಿದ್ದಾನೆ. ಅದರಲ್ಲಿ ಉಳಿದ ನಾಲ್ವರ ಪಾಲೂ ಇದೆ. ಆತ್ಮಸ್ತುತಿ ಯಾಕೆ ತಪ್ಪು ಎಂದು ಕೇಳುವವರಿಗೆ ಇದಕ್ಕಿಂತ ನೇರವಾದ ಕಾರಣ ಕೊಡುವುದು ಕಷ್ಟ.

ಕಡಿಮೆ ಹೇಳಿದರೆ ಪುಣ್ಯವೇ? ಅರಿಸ್ಟಾಟಲ್ ತನ್ನ ನೀತಿಗ್ರಂಥದಲ್ಲಿ ಇದನ್ನು ಎತ್ತಿಕೊಂಡಿದ್ದಾನೆ. ಇಲ್ಲದ್ದನ್ನು ಇದೆಯೆನ್ನುವವನು ಒಂದು ತುದಿ, ಇದ್ದದ್ದನ್ನು ಇಲ್ಲವೆನ್ನುವವನು ಇನ್ನೊಂದು ತುದಿ. ಇದ್ದದ್ದನ್ನು ಇದ್ದ ಹಾಗೆ ಹೇಳುವವನು ನಡುವೆ. ನಡುವಿನವನು ತುಸು ಕಡಿಮೆಯ ಕಡೆಗೆ ವಾಲಿದರೆ ಚಂದ ಎಂದೂ ಅವನು ಒಪ್ಪುತ್ತಾನೆ. ಆದರೆ ಕಣ್ಣಿಗೆ ಕಾಣುವ ಸಣ್ಣ ಸಂಗತಿಯನ್ನೂ ಅಲ್ಲಗಳೆಯುವ ಅತಿವಿನಯ ಅವನಿಗೆ ಹಿಡಿಸುವುದಿಲ್ಲ. ಜತ್ತದ ಹುಡುಗನ ‘ಏನೂ ಇಲ್ರಿ’ಯನ್ನು ಈ ಬೆಳಕಿನಲ್ಲಿ ನೋಡಬೇಕು. ನಸುಕಿನಲ್ಲಿ ಎದ್ದು ಬರೆದ ಡೈರಿಯ ಲೆಕ್ಕ ಕೆಲಸವಲ್ಲವೆಂದರೆ, ಕಾಯಕದಲ್ಲಿ ಮೇಲುಕೀಳಿಲ್ಲವೆಂದ ಶರಣರ ಮಾತನ್ನೇ ಅವನು ಕೈಬಿಟ್ಟಂತೆ. ಹೊಲದ ಕೆಲಸ, ಕುರಿಯ ಕೆಲಸ, ಶೆಡ್ಡಿನ ಕೆಲಸ ಬರೆಯಲು ತಕ್ಕದ್ದಲ್ಲ, ಪಟ್ಟಣದ ಆಫೀಸಿನ ಇಂಟರ್ನ್‌ಶಿಪ್ ಮಾತ್ರ ತಕ್ಕದ್ದು ಎಂಬ ನಂಬಿಕೆಯಲ್ಲಿ ವಿನಯಕ್ಕಿಂತ ಕೀಳರಿಮೆಯೇ ಹೆಚ್ಚು. ಮನೆಗೆಲಸ, ಹೊಲದ ಕೆಲಸ ಎರಡನ್ನೂ ಮಾಡಿ ಪರೀಕ್ಷೆ ಪಾಸಾದ ಹೆಣ್ಣುಮಕ್ಕಳಲ್ಲಿ ಈ ಮೌನ ಇನ್ನೂ ಗಟ್ಟಿ, ಅದನ್ನು ಬಿಡಿಸುವುದು ಅಧ್ಯಾಪಕರ ಕರ್ತವ್ಯ.

ಹಳೆಯ ಬಯೋಡೇಟಾದ ಇನ್ನೊಂದು ಭಾಗವೂ ಧರ್ಮದ ಪ್ರಶ್ನೆಯೇ. ತಂದೆಯ ಹೆಸರು, ಜಾತಿ, ಧರ್ಮ, ಮದುವೆಯಾಗಿದೆಯೋ ಇಲ್ಲವೋ. ರಂಗಸ್ಥಳದಲ್ಲಿ ಬಿಲ್ಲು ಹಿಡಿದು ನಿಂತ ಕರ್ಣನಿಗೆ ಕೃಪಾಚಾರ್ಯರು ಕೇಳಿದ್ದು ಇದನ್ನೇ: ನಿನ್ನ ಕುಲ ಯಾವುದು, ತಂದೆತಾಯಿ ಯಾರು? ಬಾಣ ಬಿಟ್ಟು ತೋರಿಸಿದವನು ಆ ಪ್ರಶ್ನೆಗೆ ತಲೆ ತಗ್ಗಿಸಿದ. ಸುಖದೇವ ಥೋರಾಟ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಆ ಪ್ರಶ್ನೆ ಇನ್ನೂ ಜೀವಂತವೆಂದು ತೋರಿಸಿತು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಅವರು ಸರಿಸಮ ಅರ್ಹತೆಯ ಅರ್ಜಿಗಳನ್ನು ಮೇಲ್ಜಾತಿಯ, ದಲಿತರ, ಮುಸ್ಲಿಮರ ಹೆಸರುಗಳಲ್ಲಿ ಕಳಿಸಿದ್ದರು. ದಲಿತ ಮತ್ತು ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆ ಕಡಿಮೆಯಿತ್ತು. ಸರ್ಕಾರಿ ಅರ್ಜಿಯಲ್ಲಿ ಮೀಸಲಾತಿಗಾಗಿ ಕೇಳಿದ ವಿವರ ಕೊಡಲೇಬೇಕು. ಖಾಸಗಿ ಕೆಲಸದ ರೆಸ್ಯೂಮೆಯಲ್ಲಿ ಅವುಗಳಿಗೆ ಜಾಗ ಕೊಡಬೇಕಾಗಿಲ್ಲ. ಉಳಿದ ಜಾಗವನ್ನು ಭಾಷೆಗಳಿಗೆ ಕೊಡಬಹುದು. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಗಿರಾಕಿಯೊಡನೆ ವ್ಯವಹರಿಸಬಲ್ಲವರು ಸಾಂಗಲಿಯ ಮಾರುಕಟ್ಟೆಗೂ ವಿಜಯಪುರದ ಬ್ಯಾಂಕಿಗೂ ಬೇಕಾದವರು. ಗಡಿಯವರು ಇದನ್ನು ಒಂದು ವಿದ್ಯೆಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾವುದನ್ನು ಓದಬಲ್ಲೆ, ಬರೆಯಬಲ್ಲೆ, ಮಾತಾಡಬಲ್ಲೆ ಎಂದು ಬಿಡಿಸಿ ಬರೆಯಬೇಕು.

ಇಷ್ಟಾದರೂ ಆ ಹಾಳೆ ಮನುಷ್ಯನಲ್ಲ. ಇದನ್ನು ಹೇಳಲು ಜತ್ತದವರು ದೂರ ಹೋಗಬೇಕಿಲ್ಲ. 1843ರಲ್ಲಿ ಉಮದಿಯಲ್ಲಿ ಹುಟ್ಟಿದ ಭಾವುಸಾಹೇಬ ಮಹಾರಾಜರಿಂದ ಇಂಚಗೇರಿ ಸಂಪ್ರದಾಯ ಬೆಳೆಯಿತು. ಅವರ ಶಿಷ್ಯ, ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದರು. ಇನ್ನೊಬ್ಬ ಶಿಷ್ಯ ಸಿದ್ಧರಾಮೇಶ್ವರ ಮಹಾರಾಜರ ಮೂಲಕ ಆ ಉಪದೇಶ ಮುಂಬಯಿಯಲ್ಲಿ ಬೀಡಿ ಅಂಗಡಿ ನಡೆಸುತ್ತಿದ್ದ ನಿಸರ್ಗದತ್ತ ಮಹಾರಾಜರನ್ನು ತಲುಪಿತು. ಹೆಸರು, ಕಸುಬು, ಪದವಿ ಇವುಗಳಾಚೆಗೆ ‘ನಾನು’ ಯಾರೆಂದು ಹುಡುಕಿರಿ ಎಂದು ನಿಸರ್ಗದತ್ತರು ಬಂದವರಿಗೆಲ್ಲ ಹೇಳಿದರು. ಕುಲಪತಿಯೂ ಬೀಡಿ ಮಾರುವವರೂ ಒಂದೇ ಪರಂಪರೆಯಲ್ಲಿ ಕೂತಿದ್ದಾರೆ. ಕಂಪನಿಯಿಂದ ಉತ್ತರ ಬಾರದ ವಿದ್ಯಾರ್ಥಿಗೆ ಇದು ತಿಳಿದಿದ್ದರೆ ಒಳ್ಳೆಯದು: ತಿರಸ್ಕೃತವಾದದ್ದು ಒಂದು ಪುಟದ ವಿವರ. ಪುಟವನ್ನು ತಿದ್ದಬಹುದು, ಮತ್ತೆ ಕಳಿಸಬಹುದು.

ನಮ್ಮ ಕಡೆಯ ರೆಸ್ಯೂಮೆಗಳ ಕೊನೆಗೆ ಒಂದು ಸಾಲು ಇರುತ್ತದೆ: ಮೇಲಿನ ವಿವರಗಳೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ. ಕೆಳಗೆ ಸ್ಥಳ, ತಾರೀಖು, ಸಹಿ. ಇದು ಈಗ ಬೇಕಿಲ್ಲವೆಂದು ಹೇಳುವವರಿದ್ದಾರೆ. ಹಲವು ಕಂಪನಿಗಳು ಕೇಳುವುದೂ ಇಲ್ಲ. ಹಾಳೆಯಲ್ಲಿ ಉಳಿಸಿದರೂ ತೆಗೆದರೂ ಅದರ ಕೆಲಸವನ್ನು ಮಾತ್ರ ಬಿಡಬಾರದು. ಸಹಿ ಹಾಕುವ ಮೊದಲು ವಿದ್ಯಾರ್ಥಿ ತನ್ನ ಜೊತೆ ದುಡಿದ ಒಬ್ಬರಿಗೆ, ಡೈರಿಯ ಕಾರ್ಯದರ್ಶಿಗೋ ಪ್ರಾಜೆಕ್ಟಿನ ಗೆಳತಿಗೋ, ಪ್ರತಿ ಸಾಲನ್ನೂ ಓದಿ ಹೇಳಲಿ. ‘ಇದು ನಾವಿಬ್ಬರೂ ಕೂಡಿ ಮಾಡಿದ್ದಲ್ಲಾ?’ ಎಂದು ಅವರು ಕೇಳಿದ ಕಡೆ ತಿದ್ದಲಿ; ‘ಆ ಆಡಿಟ್ ವರ್ಷದ ಲೆಕ್ಕ ನೀನೇ ಬರೆದಿದ್ದೆ, ಅದನ್ಯಾಕ ಬಿಟ್ಟಿ?’ ಎಂದರೆ ಅದನ್ನೂ ಸೇರಿಸಲಿ. ಅವರು ಒಪ್ಪಿದರೆ ಸಂದರ್ಶನದ ದಿನಕ್ಕೆ ಅವರ ಹೆಸರು, ಫೋನ್ ನಂಬರು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ.