ವಸತಿಯೂ ಅರ್ಹತೆಯೂ

ಕೊಡುವ ಕೈಗೆ ಒಂದು ಅಧಿಕಾರವು ತಾನಾಗಿಯೇ ಬಂದುಬಿಡುತ್ತದೆ. ಪಡೆದವನು ಹೇಗೆ ಬಾಳಬೇಕೆಂದು ವಿಧಿಸುವ ಅಧಿಕಾರ. ಅನ್ನದಾನದಲ್ಲಿ ಇದು ಅಷ್ಟಾಗಿ ತೋರದು; ಹಸಿದವನು ಉಂಡು ಎದ್ದುಹೋಗುತ್ತಾನೆ. ವಸತಿಯ ಮಾತು ಬೇರೆ. ವರ್ಷಗಟ್ಟಲೆ ತಾನು ಕೊಟ್ಟ ಸೂರಿನಡಿ ಇರುವವನು ಮದ್ಯ ಬಿಟ್ಟನೇ, ಔಷಧ ಸೇವಿಸುತ್ತಿದ್ದಾನೆಯೇ ಎಂದು ದಾನಿಯ ಕಣ್ಣು ಅರಸುತ್ತಲೇ ಇರುತ್ತದೆ. ಹಾಗಾದರೆ ಸೂರು ಎಂಬುದು ಸನ್ನಡತೆಗೆ ಸಲ್ಲುವ ಬಹುಮಾನವೋ, ಸನ್ನಡತೆಗೆ ಮೊದಲು ಬೇಕಾದ ನೆಲೆಯೋ?

ಅಮೆರಿಕಾ ದೇಶವು ಈ ಪ್ರಶ್ನೆಯನ್ನು ಮೂರು ದಶಕಗಳಿಗೂ ಮಿಗಿಲಾಗಿ ಲೆಕ್ಕಪತ್ರಸಹಿತ ಪರೀಕ್ಷಿಸುತ್ತ ಬಂದಿದೆ. ಅಲ್ಲಿನ ಮಾನಸಿಕ ಆಸ್ಪತ್ರೆಗಳು ರೋಗಿಗಳನ್ನು ಹೊರಕಳುಹಿಸಿದವು. ನಗರಗಳ ಅಗ್ಗದ ಒಂಟಿ ಕೋಣೆಗಳು ಒಂದೊಂದಾಗಿ ಮಾಯವಾದವು. 1980ರ ದಶಕದಲ್ಲಿ ಬೀದಿಯಲ್ಲಿ ಮಲಗುವವರ ಸಂಖ್ಯೆ ಬೆಳೆಯಿತು. ಅವರಲ್ಲಿ ಮಾಜಿ ಸೈನಿಕರೂ ಇದ್ದರು. ಆಗಿನ ಪರಿಹಾರಕ್ರಮವು ಮೆಟ್ಟಿಲುಗಳದು: ಮೊದಲು ರಾತ್ರಿಯ ತಂಗುದಾಣ, ಬಳಿಕ ಚಿಕಿತ್ಸೆ, ವ್ಯಸನ ಬಿಟ್ಟ ಮೇಲೆ ಮನೆ. ನಡುವೆ ಜಾರಿದವನು ಮತ್ತೆ ಬೀದಿಗೆ.

1991ರಲ್ಲಿ ನ್ಯೂಯಾರ್ಕಿನ ಕಾಮನ್ ಗ್ರೌಂಡ್ ಸಂಸ್ಥೆಯು ಶಿಥಿಲವಾಗಿದ್ದ ಟೈಮ್ಸ್ ಸ್ಕ್ವೇರ್ ಹೋಟೆಲನ್ನು ಕೊಂಡು, ಅದನ್ನು 652 ಕಿರುಮನೆಗಳ ನಿವಾಸವನ್ನಾಗಿ ಮಾಡಿತು. ಬೀದಿಯಿಂದ ಬಂದವರೂ ಅಲ್ಪವೇತನದ ನೌಕರರೂ ಅಲ್ಲಿ ಒಂದೇ ಹೆಬ್ಬಾಗಿಲಿನಿಂದ ಒಳಬರುವರು. ಸಮಾಜಕಾರ್ಯಕರ್ತರು ಕಟ್ಟಡದಲ್ಲಿಯೇ ದೊರೆಯುವರು. ಮರುವರ್ಷ ಸ್ಯಾಮ್ ತ್ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಪಾಥ್‌ವೇಸ್ ಟು ಹೌಸಿಂಗ್ ಸಂಸ್ಥೆಯ ಮೂಲಕ ಮೆಟ್ಟಿಲುಗಳನ್ನೇ ತಿರುವುಮುರುವು ಮಾಡಿದರು: ಮೊದಲು ಮನೆ, ಉಳಿದುದೆಲ್ಲ ಆಮೇಲೆ.

ಈ ಯೋಜನೆಗಳಲ್ಲಿ ವಿಚಾರಾರ್ಹವಾದುದು ಬಾಡಿಗೆ. ಬೀದಿಯಿಂದ ಬಂದವನು ಸಾಮಾನ್ಯವಾಗಿ ತನ್ನ ಆದಾಯದ ಶೇಕಡಾ 30ರಷ್ಟನ್ನು ಕೊಡಬೇಕು. ಕರಾರುಪತ್ರಕ್ಕೆ ಅವನದೇ ಸಹಿ. ಆ ಹಣದಿಂದ ಕಟ್ಟಡದ ಖರ್ಚು ನೀಗುವುದಿಲ್ಲವೆಂಬುದನ್ನು ಯಾವ ವ್ಯಾಪಾರಿಯೂ ಬಲ್ಲನು. ಆದರೆ ಬಾಡಿಗೆ ಕೊಟ್ಟವನು ಆಶ್ರಿತನಲ್ಲ, ಬಾಡಿಗೆದಾರ. ಅವನ ಬಾಗಿಲನ್ನು ದಾನಿಯೂ ತಟ್ಟಿಯೇ ಒಳಹೋಗಬೇಕು. ಛತ್ರಗಳ ಗೋಡೆಯ ಮೇಲೆ ಉದ್ದುದ್ದ ನಿಯಮಾವಳಿ ಬರೆಸಿದ ಧರ್ಮದರ್ಶಿಗಳಿಗೆ ಇದು ತುಸು ಕಹಿಯಾದೀತು.

ಫಲವೇನು? ಮಾಜಿ ಸೈನಿಕರಿಗೆ ಬಾಡಿಗೆಯ ನೆರವನ್ನೂ ಕಾರ್ಯಕರ್ತರ ಸಹಾಯವನ್ನೂ ಜೊತೆಗೂಡಿಸಿ ಕೊಡುವ ಸರಕಾರಿ ಯೋಜನೆಯು 2008ರಿಂದ ಬಹಳ ವಿಸ್ತಾರಗೊಂಡಿತು. ಒಂದು ರಾತ್ರಿಯ ಎಣಿಕೆಯಲ್ಲಿ ಮನೆಯಿಲ್ಲದ ಮಾಜಿ ಸೈನಿಕರು 2010ರಲ್ಲಿ 74,000ಕ್ಕೂ ಹೆಚ್ಚು, 2024ರಲ್ಲಿ 32,882. ಅದೇ 2024ರಲ್ಲಿ ದೇಶದ ಒಟ್ಟು ಮನೆಯಿಲ್ಲದವರು 7,71,480. ಬಾಡಿಗೆ ಏರುತ್ತಿರುವ ಊರುಗಳಲ್ಲಿ ಒಬ್ಬನು ಒಳಸೇರುವಷ್ಟರಲ್ಲಿ ಮತ್ತೊಬ್ಬನು ಹೊರಬೀಳುತ್ತಾನೆ.

ಕೆನಡಾ ದೇಶವು 2009ರಿಂದ 2013ರವರೆಗೆ ಐದು ನಗರಗಳಲ್ಲಿ, 2,000ಕ್ಕೂ ಹೆಚ್ಚು ಜನರೊಡನೆ ಇದೇ ಕ್ರಮವನ್ನು ಪರೀಕ್ಷಿಸಿತು. ಮನೆ ಪಡೆದವರು ಮನೆಯಲ್ಲಿ ನೆಲೆನಿಂತರು. ಆದರೆ ವ್ಯಸನದ ವಿಷಯದಲ್ಲಿ ಅವರಿಗೂ ಉಳಿದವರಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಇದನ್ನು ಸೋಲೆಂದು ಬರೆಯುವುದು ಒಂದು ಖಾತೆಯ ಬಾಕಿಯನ್ನು ಮತ್ತೊಂದು ಖಾತೆಗೆ ಹಚ್ಚಿದಂತೆ. ಮನೆ ಕೊಟ್ಟುದು ಮನೆಯಿಲ್ಲದ ದುಃಖಕ್ಕೆ. ಜಿನಸೇನಾಚಾರ್ಯರ ಆದಿಪುರಾಣವು ದಯಾದತ್ತಿಯನ್ನೂ ಪಾತ್ರದತ್ತಿಯನ್ನೂ ಬೇರ್ಪಡಿಸಿ ಹೇಳಿದೆ. ಯೋಗ್ಯತೆಯ ವಿಚಾರಣೆ ಎರಡನೆಯದಕ್ಕೆ ಸೇರಿದ್ದು, ಮೊದಲನೆಯದಕ್ಕೆ ಎದುರಿನವನ ಸಂಕಟವೇ ಸಾಕು.

ವಿರೋಧಿಗಳ ಮಾತು ಪೂರ್ಣ ನಿರಾಧಾರವೂ ಅಲ್ಲ. 2025ರ ಜುಲೈಯಲ್ಲಿ ಅಮೆರಿಕಾದ ಅಧ್ಯಕ್ಷರು ಹೊರಡಿಸಿದ ಆಜ್ಞೆಯು, ಹೊಣೆಗಾರಿಕೆಯಿಲ್ಲದ ವಸತಿಗೆ ಸಾರ್ವಜನಿಕ ಹಣ ಸಲ್ಲದೆಂದು ಈ ನೀತಿಗೆ ಬೆಂಬಲವನ್ನು ನಿಲ್ಲಿಸಹೊರಟಿತು. ಒಂದೇ ಮಹಡಿಯಲ್ಲಿ ಮದ್ಯ ಬಿಟ್ಟು ಆರು ತಿಂಗಳಾದವನೂ, ಬಿಡಲಾರದವನೂ ಇದ್ದರೆ ಮೊದಲನೆಯವನ ನೆಮ್ಮದಿಯನ್ನು ಕಾಯುವವರು ಯಾರು? ಇದಕ್ಕೆ ಮನೆ ಮೊದಲು ಎಂಬವರ ಉತ್ತರ ಸರಳವಾಗಿದೆ. ಕರಾರು ಮುರಿದು ನೆರೆಯವರನ್ನು ಪೀಡಿಸಿದವನು ಆ ಮನೆಯನ್ನು ಕಳೆದುಕೊಳ್ಳಬಹುದು. ಕಾರ್ಯಕರ್ತರು ಅವನ ಕೈಬಿಡದೆ ಇನ್ನೊಂದು ಮನೆಯನ್ನು ಹುಡುಕತೊಡಗುತ್ತಾರೆ.