ಮಗು ಯಾರ ಸ್ವತ್ತು?

ದಾಂಪತ್ಯವು ಧರ್ಮಸಾಧನವೆಂಬುದು ಶರಣರ ಸಿದ್ಧಾಂತ. ಸಂಸಾರವನ್ನು ತೊರೆದು ಕಾಡನ್ನು ಸೇರಬೇಕೆಂದು ಅವರು ಬೋಧಿಸಲಿಲ್ಲ. ಮನೆಯಲ್ಲಿದ್ದು, ಕಾಯಕ ಮಾಡಿ, ದಾಸೋಹ ನಡೆಸಿ, ಸತಿಪತಿಗಳಿಬ್ಬರೂ ಏಕಭಾವದಿಂದ ಲಿಂಗವನ್ನು ಅರ್ಚಿಸಬೇಕೆಂದರು. ನೆಯ್ಗೆಯ ಕಾಯಕದ ಜೇಡರ ದಾಸಿಮಯ್ಯನೂ ಆತನ ಸತಿ ದುಗ್ಗಳೆಯೂ ಈ ಆದರ್ಶಕ್ಕೆ ಮೇಲ್ಪಂಕ್ತಿಯಾದರು. ಇಂತಹ ಧರ್ಮದಲ್ಲಿ ಹುಟ್ಟಿದವರು ವಿವಾಹ ವಿಚ್ಛೇದನದ ಮಾತೆತ್ತುವುದೇ ಅನುಚಿತವೆಂದು ಕೆಲವರು ಭಾವಿಸುವುದುಂಟು. ಆದರೆ ಆದರ್ಶವು ಉನ್ನತವಾದ ಮಾತ್ರಕ್ಕೆ, ಅದನ್ನು ಮುಟ್ಟಲಾರದೆ ಒಡೆದ ಮನೆಗಳಲ್ಲಿ ಕೂಸುಗಳೇ ಇಲ್ಲವೆಂದಾಗದು. ಆ ಕೂಸುಗಳ ಗತಿಯೇನು ಎಂಬ ಪ್ರಶ್ನೆಗೆ ಧರ್ಮವು ಉತ್ತರವೀಯಲೇಬೇಕು.

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಗೆ ಈ ವಿಷಯವು ಹೊಸತಲ್ಲ. ಧಾರವಾಡ ಜಿಲ್ಲೆಯೊಡನೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಈ ಭಾಗಕ್ಕೆ 1947ರಲ್ಲಿಯೇ ಮುಂಬಯಿ ಹಿಂದೂ ವಿಚ್ಛೇದನ ಕಾಯಿದೆಯು ಬಂದಿತ್ತು. ಅದಕ್ಕೂ ಮೊದಲು ಸೋಡಚೀಟಿ ಬರೆದುಕೊಡುವ, ಬಿಡುಗಡೆ ಹೊಂದಿದವಳಿಗೆ ಉಡಿಕೆ ಮಾಡುವ ರೂಢಿಯು ಹಲವು ಸಮುದಾಯಗಳಲ್ಲಿತ್ತು. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಟ್ಟು ಹೇಳಿ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿತು. ಉಭಯ ಸಮ್ಮತಿಯ ವಿಚ್ಛೇದನಕ್ಕೆ 1976ರ ತಿದ್ದುಪಡಿಯು ಎಡೆಮಾಡಿತು. ರೂಢಿಯ ಬಿಡುಗಡೆಗೂ ಕಾಯಿದೆಯಲ್ಲಿ ಸ್ಥಾನವುಂಟು. ಆದರೆ ಅಂತಹ ರೂಢಿಯು ತಮ್ಮಲ್ಲಿ ಇದ್ದುದನ್ನು ಅದರ ಆಶ್ರಯ ಬೇಡುವವರು ಸಿದ್ಧಪಡಿಸಬೇಕು. ಹಿರಿಯರು ಕುಳಿತು ಬರೆಸಿದ ಚೀಟಿಯೊಂದೇ ಸಾಲದು.

ಹೀಗೆ ಹಿರಿಯರು ಕೂಡುವಲ್ಲಿ ಒಡವೆ, ಪಾತ್ರೆ, ಕೊಟ್ಟ ಹಣ, ತಂದ ಸೀರೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೂಸನ್ನೂ ಅದೇ ಸಾಲಿನಲ್ಲಿ ಒಂದು ಬಾಬಾಗಿ ಎಣಿಸಿದರೆ ಅದಕ್ಕಿಂತ ಘೋರವಾದ ಪ್ರಮಾದವಿಲ್ಲ. “ನಮ್ಮ ವಂಶದ ಕುಡಿ” ಎನ್ನುತ್ತದೆ ತಂದೆಯ ಪಕ್ಷ. “ನಾನು ಹೊತ್ತು ಹೆತ್ತದ್ದು” ಎನ್ನುತ್ತಾಳೆ ತಾಯಿ. ಎರಡೂ ಸತ್ಯವೇ. ಆದರೆ ಎರಡರಲ್ಲಿಯೂ ಅಡಗಿರುವ “ನನ್ನದು” ಎಂಬ ಶಬ್ದವನ್ನು ವಿಚಾರಿಸಬೇಕು. ತನು, ಮನ, ಧನಗಳನ್ನು ಗುರು, ಲಿಂಗ, ಜಂಗಮಕ್ಕೆ ಸಲ್ಲಿಸಿದ ಭಕ್ತನಿಗೆ ತನ್ನ ದೇಹವೇ ತನ್ನದಲ್ಲವೆಂದ ಬಳಿಕ, ಮತ್ತೊಂದು ಜೀವವು ತನ್ನ ಸ್ವತ್ತಾಗುವುದೆಂತು? ವೀರಶೈವ ಸಂಪ್ರದಾಯದಲ್ಲಿ ತಾಯಿಯು ಗರ್ಭಿಣಿಯಾಗಿರುವಾಗಲೇ ಶಿಶುವಿಗೆ ಲಿಂಗಸಂಬಂಧವನ್ನು ಕಲ್ಪಿಸುವರು. ಹುಟ್ಟಿದ ಕೂಸಿಗೆ, ಗಂಡಾಗಲಿ ಹೆಣ್ಣಾಗಲಿ, ಲಿಂಗಧಾರಣೆ ಮಾಡುವರು. ಹೆಸರಿಡುವ ಮೊದಲೇ ಕೂಸು ಲಿಂಗದ ಕೂಸು. ತಾಯಿತಂದೆಗಳು ಒಡೆಯರಲ್ಲ, ಶಿವನು ಒಪ್ಪಿಸಿದ ನ್ಯಾಸವನ್ನು ಕಾಯುವವರು. ಕಾಯುವ ಹೊಣೆಯೇ ಅವರ ಕಾಯಕ. ದಾಂಪತ್ಯ ಕಳಚಬಹುದು, ಈ ಕಾಯಕ ಕಳಚದು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಒಪ್ಪದೆ ಮರಳಿ ಚೆಲ್ಲಿ ಬರುವಂತೆ ಹೇಳಿದಳೆಂಬುದು ಎಲ್ಲರೂ ಬಲ್ಲ ಕಥೆ. ಬೇಕಾದುದಕ್ಕಿಂತ ಅಧಿಕವಾದುದು ಆಸೆಯೇ ಹೊರತು ಕಾಯಕವಲ್ಲ. ಇದು ಅಕ್ಕಿಗೆ ಮಾತ್ರ ಸಲ್ಲುವ ನೀತಿಯಲ್ಲ. ಅಗಲಿದ ದಂಪತಿಗಳಲ್ಲಿ ಒಬ್ಬರು ಕೂಸಿನ ಪ್ರೀತಿಯನ್ನೆಲ್ಲ ತಾವೇ ಕಟ್ಟಿಕೊಳ್ಳಬೇಕೆಂದು, ಇನ್ನೊಬ್ಬರಿಗೆ ಒಂದು ಹಿಡಿಯೂ ಉಳಿಯಬಾರದೆಂದು ಬಯಸಿದರೆ, ಅದು ಮಾರಯ್ಯನ ಮಡಿಲಿನ ಹೆಚ್ಚಿನ ಅಕ್ಕಿಯೇ ಸರಿ.

ಈ ದೇಶದ ನ್ಯಾಯವಿಧಿಯೂ ಇದೇ ಹಾದಿಯಲ್ಲಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯ 13ನೆಯ ಕಲಮು ಮಗುವಿನ ಕ್ಷೇಮವನ್ನೇ ಪರಮವೆಂದು ಸಾರುತ್ತದೆ. ಐದು ವರ್ಷ ತುಂಬದ ಕೂಸು ಸಾಮಾನ್ಯವಾಗಿ ತಾಯಿಯ ಬಳಿಯಲ್ಲಿರತಕ್ಕದ್ದೆಂದು 6ನೆಯ ಕಲಮು ಹೇಳುತ್ತದೆ. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ಪರಿಗಣಿಸಲು 1890ರ ಪಾಲಕರ ಮತ್ತು ಪಾಲಿತರ ಕಾಯಿದೆಯಲ್ಲಿ ಅವಕಾಶವುಂಟು. ಮಕ್ಕಳು ತಾಯಿತಂದೆಗಳ ಸರಕೂ ಅಲ್ಲ, ಆಟಿಕೆಯೂ ಅಲ್ಲವೆಂಬ ಅಭಿಪ್ರಾಯವನ್ನು ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ವ್ಯಕ್ತಪಡಿಸಿತು. ತಾಯಿಯೂ ಸಹಜ ಪಾಲಕಳಾಗಬಲ್ಲಳೆಂದು 1999ರಲ್ಲಿ ಸ್ಪಷ್ಟಪಡಿಸಿತು. ವಿವಾಹ ಕಾಯಿದೆಯ 26ನೆಯ ಕಲಮಿನ ಮೇರೆಗೆ ಮಕ್ಕಳ ವಾಸ, ಪೋಷಣೆ, ಶಿಕ್ಷಣಗಳ ಕುರಿತು ಮಾಡಿದ ಆಜ್ಞೆಯನ್ನು ಕಾಲಕಾಲಕ್ಕೆ ಬದಲಿಸಲೂಬಹುದು. ಏಕೆಂದರೆ ಕೂಸು ಬೆಳೆಯುತ್ತದೆ, ಅದರ ಅಗತ್ಯಗಳೂ ಬದಲಾಗುತ್ತವೆ.

ಆದರೆ ನ್ಯಾಯಾಲಯದ ಆಜ್ಞೆಯು ಹೊಸ್ತಿಲವರೆಗೆ ಬರಬಲ್ಲುದು. ಒಳಮನೆಯ ಮಾತನ್ನು ಆಳಲಾರದು. ತಾಯಿಯ ಮುಂದೆ ತಂದೆಯನ್ನು, ತಂದೆಯ ಮುಂದೆ ತಾಯಿಯನ್ನು ಹಳಿಯುವಂತೆ ಮಗುವಿಗೆ ಕಲಿಸಿದರೆ, ಯಾವ ಕಾಯಿದೆಯೂ ಅದನ್ನು ಕೇಳಿಸಿಕೊಳ್ಳದು. ಅಂಗದ ಮೇಲಣ ಲಿಂಗವು ಕೇಳುತ್ತದೆ. ಕೂಸನ್ನು ಕಾಣಗೊಡಲಿಲ್ಲವೆಂದು ಪೋಷಣೆಯ ಹಣವನ್ನು ನಿಲ್ಲಿಸುವುದು, ಹಣ ಬರಲಿಲ್ಲವೆಂದು ಕೂಸನ್ನು ಬಚ್ಚಿಡುವುದು, ಇವೆರಡೂ ದೊಡ್ಡವರ ಹಗೆಯ ದಂಡವನ್ನು ಮಗುವಿನಿಂದ ವಸೂಲು ಮಾಡುವ ಅನ್ಯಾಯಗಳು. ಅಕ್ಷರಾಭ್ಯಾಸ, ರೋಗ ರುಜಿನ, ಹಬ್ಬ ಹರಿದಿನಗಳಲ್ಲಿ ಇಬ್ಬರೂ ಒಂದೇ ಮಾತಿಗೆ ಬರುವುದು ಪ್ರೀತಿ ಸತ್ತ ಮೇಲೂ ಸಾಧ್ಯ. ಅದಕ್ಕೆ ಬೇಕಾದುದು ಪ್ರೀತಿಯಲ್ಲ, ನಿಷ್ಠೆ.

ಇಲ್ಲೊಂದು ವಿವೇಕವು ಅವಶ್ಯ. ಹೊಡೆತ, ಕುಡಿತ, ಕ್ರೌರ್ಯಗಳಿರುವ ಮನೆಯಲ್ಲಿ ಕೂಸಿನ ಸಲುವಾಗಿಯಾದರೂ ಸಹಿಸಿಕೊಂಡಿರು ಎಂದು ಹೆಣ್ಣಿಗೆ ಉಪದೇಶಿಸುವುದು ಧರ್ಮವಲ್ಲ. ಮಾತು ಮುರಿದ ಕೌಶಿಕನ ಅರಮನೆಯನ್ನು ಮಹಾದೇವಿಯಕ್ಕನು ತೊರೆದು ಹೊರಟುದನ್ನು ಹರಿಹರನು ತನ್ನ ರಗಳೆಯಲ್ಲಿ ಹೇಳಿದ್ದಾನೆ; ಶರಣ ಸಮೂಹವು ಆಕೆಯನ್ನು ಕೈಬಿಡಲಿಲ್ಲ, ಅಕ್ಕನೆಂದು ಗೌರವಿಸಿತು. ಭಯದಲ್ಲಿ ಬೆಳೆಯುವ ಕೂಸಿಗೆ ಒಂದಾದ ಮನೆಗಿಂತ ನೆಮ್ಮದಿಯ ಮನೆಯೇ ಲೇಸು. ಅಂತಹಲ್ಲಿ ಭೇಟಿಯ ಹಕ್ಕಿಗಿಂತ ರಕ್ಷಣೆಯು ಮೊದಲು.

ಆದುದರಿಂದ ಊರ ಹಿರಿಯರೂ ಮಠದ ಭಕ್ತರೂ ಪಂಚಾಯಿತಿಗೆ ಕೂಡಿದಾಗ ಮೊದಲು ಕೇಳಬೇಕಾದುದು “ಯಾರ ತಪ್ಪು?” ಎಂದಲ್ಲ, “ಈ ಕೂಸು ನಾಳೆ ಎಲ್ಲಿ ಮಲಗುವುದು, ಎಲ್ಲಿ ಓದುವುದು, ಯಾರ ಕೈಯ ತುತ್ತು ಉಣ್ಣುವುದು?” ಎಂದು. ಅಲ್ಲಿಯ ಮಾತು ಮುಗಿಯದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿಯನ್ನು ತೋರಬೇಕು. 1987ರ ಕಾಯಿದೆಯಂತೆ ಸ್ತ್ರೀಯರಿಗೂ ಮಕ್ಕಳಿಗೂ, ಆದಾಯವೆಷ್ಟೇ ಇರಲಿ, ಉಚಿತ ನೆರವು ಸಲ್ಲುತ್ತದೆ. ಗಂಡನ ಮನೆ ಬಿಟ್ಟು ಬಂದವಳ ಕೂಸನ್ನು ದಾಸೋಹದ ಪಂಕ್ತಿಯಲ್ಲಿಯೂ ಪಾಠಶಾಲೆಯಲ್ಲಿಯೂ “ಬಿಟ್ಟವಳ ಮಗು” ಎಂದು ಯಾರೂ ಗುರುತಿಸದಂತೆ ನೋಡಿಕೊಳ್ಳಬೇಕು. ಕುಲ, ಸೂತಕಗಳನ್ನೇ ಅಲ್ಲಗಳೆದ ಧರ್ಮವು ಈ ಹೊಸ ಸೂತಕಕ್ಕೆ ಎಡೆಗೊಡಲಾಗದು.

ಗಂಡ ಹೆಂಡಿರೆಂಬ ಸಂಬಂಧವು ಇಬ್ಬರು ಕೂಡಿ ಕಟ್ಟಿದ್ದು, ಇಬ್ಬರಿಂದ ಬಿಚ್ಚಲೂಬಹುದು. ತಾಯಿತಂದೆಯರೆಂಬ ಹೊಣೆಯನ್ನು ಕೂಸಿನ ಮೂಲಕ ಶಿವನು ಹೊರಿಸಿದ್ದಾನೆ. ಅದನ್ನು ಇಳಿಸಿಡುವ ಅಧಿಕಾರವು ಯಾವ ಸೋಡಚೀಟಿಗೂ ಇಲ್ಲ.